ಗೃಹ ಹವಾವೀಕ್ಷಣಾಲಯ: ಸ್ಥಾಪನೆ, ಪರೀಕ್ಷೆ ಮತ್ತು ಸ್ವಯಂಚಾಲನ

ಹವಾಮಾನದ ಕ್ರಮಬದ್ಧವಾದ ವೀಕ್ಷಣೆಯು ಬಹುಕಾಲ ಸರ್ಕಾರಗಳ ಕಾರ್ಯವಾಗಿತ್ತು. ಭಾರತ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಕೇಂದ್ರಗಳ ೧೮೯೩ನೆಯ ವರ್ಷದ ವೀಕ್ಷಣಫಲಗಳನ್ನು ಜಾನ್ ಕುಕ್ ಅವರು ಗ್ರಂಥರೂಪದಲ್ಲಿ ಹೊರತಂದರು. ಅಂದು ಒಂದು ಸಂಸ್ಥಾನವು ನಾಲ್ಕು ಊರುಗಳಲ್ಲಿ ನಡೆಸುತ್ತಿದ್ದ ಕೆಲಸವನ್ನು ಇಂದು ಕೆಲವು ಸಾವಿರ ರೂಪಾಯಿಗಳ ಉಪಕರಣವೊಂದು ಮನೆಯ ತಾರಸಿಯ ಮೇಲೆ ಮಾಡುತ್ತಿದೆ. ಅದರ ಅಂಕಿಗಳು ಗೃಹಸ್ಥನ ಕೈಯ ದೂರವಾಣಿಯಲ್ಲಿ ಕ್ಷಣಕ್ಷಣಕ್ಕೂ ಕಾಣುತ್ತವೆ. ಇಷ್ಟಕ್ಕೇ ನಿಲ್ಲದೆ, ಆ ಅಂಕಿಗಳನ್ನು ಅನುಸರಿಸಿ ಮನೆಯ ಪಂಪು, ಫ್ಯಾನು, ಕಿಟಕಿಗಳು ತಾವಾಗಿಯೇ ನಡೆಯುವಂತೆ ಏರ್ಪಡಿಸುವುದೂ ಸಾಧ್ಯವಾಗಿದೆ.

ಇಂಥ ವೀಕ್ಷಣೆ ಕೇವಲ ವಿನೋದವೆಂದು ನಾವು ಭಾವಿಸುವುದಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದುದನ್ನು ವಾಚಕರು ಬಲ್ಲರು. ಗುಡುಗುಮಳೆಯು ಒಂದು ಬಡಾವಣೆಯಲ್ಲಿ ಧಾರಾಕಾರವಾಗಿ ಸುರಿದು ಮೂರು ಮೈಲಿ ಆಚೆ ಹನಿಯಷ್ಟೇ ಬೀಳುವುದು ನಮ್ಮಲ್ಲಿ ಸಾಮಾನ್ಯ. ದೂರದೂರದಲ್ಲಿರುವ ಅಧಿಕೃತ ಮಾಪಕಗಳ ನಡುವಣ ತೆರವನ್ನು ಗೃಹಮಾಪಕಗಳು ತುಂಬಬಲ್ಲವು. ಅಂತಹ ದತ್ತಾಂಶವನ್ನು ನಮ್ಮ ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಬಳಸಬಯಸುವುದೂ ಸಹಜ. ಆದುದರಿಂದಲೇ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕಾಗಿದೆ: ಉಪಕರಣವು ತೋರಿಸುವ ಅಂಕಿಯು ಯಾವಾಗ ಅಳತೆಯೆನಿಸಿಕೊಳ್ಳುತ್ತದೆ? ವಿದ್ಯುತ್ ಜೋಡಣೆ ಸುಲಭ. ಕಷ್ಟವಿರುವುದು ಉಪಕರಣವನ್ನು ನಿಲ್ಲಿಸುವ ಸ್ಥಳದಲ್ಲಿ ಮತ್ತು ಅದರ ಪರೀಕ್ಷೆಯಲ್ಲಿ.

ಉಷ್ಣಮಾಪಕವನ್ನೇ ಮೊದಲು ತೆಗೆದುಕೊಳ್ಳೋಣ. ನಮಗೆ ಬೇಕಾದುದು ಗಾಳಿಯ ಉಷ್ಣತೆಯೇ ಹೊರತು ಬಿಸಿಲಿನಲ್ಲಿ ಕಾದ ಉಪಕರಣದ ಉಷ್ಣತೆಯಲ್ಲ. ಈ ಭೇದವನ್ನು ಸಾಧಿಸಲೆಂದೇ ದೀಪಸ್ತಂಭಗಳ ಇಂಜಿನಿಯರಾದ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ೧೮೬೪ರಲ್ಲಿ, ಓರೆಯಾದ ಪಟ್ಟಿಗಳನ್ನು ಜೋಡಿಸಿ ಬಿಳಿಯ ಬಣ್ಣ ಬಳಿದ ಮರದ ಪೆಟ್ಟಿಗೆಯನ್ನು ವಿವರಿಸಿದನು. ಗಾಳಿ ಒಳಗೆ ಆಡಬೇಕು, ಬಿಸಿಲು ಮಾತ್ರ ಹೊಗಬಾರದು, ತತ್ತ್ವ ಇಷ್ಟೇ. ಮನೆಯಲ್ಲಿ ಹೂಕುಂಡದ ಅಡಿಗೆ ಇಡುವ ಬಿಳಿಯ ಪ್ಲಾಸ್ಟಿಕ್ ತಟ್ಟೆಗಳನ್ನು ಏಳೆಂಟು ತೆಗೆದುಕೊಂಡು, ಮಧ್ಯದ ತಟ್ಟೆಗಳಲ್ಲಿ ರಂಧ್ರ ಕೊರೆದು, ಬೆರಳಿನಷ್ಟು ಅಂತರವಿಟ್ಟು ಒಂದರ ಮೇಲೊಂದು ಬೋರಲಾಗಿ ಪೋಣಿಸಿದರೆ ಅದೇ ತತ್ತ್ವದ ಉಪಯುಕ್ತ ಕವಚವು ಸಿದ್ಧವಾಗುತ್ತದೆ. ಅದನ್ನು ಹುಲ್ಲುನೆಲದಿಂದ ೧.೨೫ರಿಂದ ೨ ಮೀಟರ್ ಎತ್ತರದಲ್ಲಿ ನಿಲ್ಲಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಆದರೆ ನಮ್ಮ ನಗರಗಳ ಮನೆಗಳಲ್ಲಿ ಹುಲ್ಲುನೆಲವೆಲ್ಲಿ? ಹೆಚ್ಚಿನವರಿಗೆ ಇರುವುದು ತಾರಸಿಯೊಂದೇ. ತಾರಸಿಯ ಕಾಂಕ್ರೀಟು ಹಗಲೆಲ್ಲ ಕಾದು, ಸೂರ್ಯಾಸ್ತವಾದ ಮೇಲೂ ಬಹಳ ಹೊತ್ತು ಶಾಖವನ್ನು ಬಿಡುತ್ತಿರುತ್ತದೆ. ಅಲ್ಲಿ ನಿಂತ ಮಾಪಕವು ತಾರಸಿಯ ಮೇಲಣ ಗಾಳಿಯನ್ನು ಅಳೆಯುತ್ತದೆಯೇ ಹೊರತು ಬಡಾವಣೆಯ ಉಷ್ಣತೆಯನ್ನಲ್ಲ. ಇದನ್ನು ಪೂರ್ತಿ ನಿವಾರಿಸಲಾಗದು. ಗೋಡೆಗಳಿಂದಲೂ ನೀರಿನ ತೊಟ್ಟಿಯಿಂದಲೂ ದೂರವಾಗಿ, ಸಾಧ್ಯವಾದಷ್ಟು ಎತ್ತರದ ಕಂಬದ ಮೇಲೆ ಇರಿಸಿ, ಸ್ಥಳದ ವಿವರವನ್ನು ದತ್ತಾಂಶದೊಡನೆ ಬರೆದಿಡುವುದೇ ಪ್ರಾಮಾಣಿಕವಾದ ಮಾರ್ಗ.

ಸಂವೇದಕದ ಪಕ್ಕದಲ್ಲಿಯೇ ಕೂತ ನಿಯಂತ್ರಕದ ಶಾಖ ಇನ್ನೊಂದು ತೊಡಕು. ಬಾಷ್ ಸಂಸ್ಥೆಯ ಬಿ.ಎಂ.ಇ. ೨೮೦ ಎಂಬ ಸಂವೇದಕವು ಉಷ್ಣತೆ, ಆರ್ದ್ರತೆ, ವಾಯುಭಾರ ಮೂರನ್ನೂ ಅಳೆಯುವುದರಿಂದ ಜನಪ್ರಿಯವಾಗಿದೆ. ಅದನ್ನು ವೈ-ಫೈ ಇರುವ ಇ.ಎಸ್.ಪಿ. ೩೨ ನಿಯಂತ್ರಕದೊಡನೆ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ನಿಯಂತ್ರಕದ ಶಾಖವು ಸಂವೇದಕಕ್ಕೆ ತಗಲುತ್ತದೆ. ಗಾಳಿಯ ಉಷ್ಣತೆ ೨೫ ಡಿಗ್ರಿ, ಆರ್ದ್ರತೆ ಶೇಕಡ ೬೦ ಎಂದಿಟ್ಟುಕೊಳ್ಳೋಣ. ಸಂವೇದಕವು ಎರಡೇ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ ಆರ್ದ್ರತೆಯನ್ನು ಸುಮಾರು ೫೩ ಎಂದು ತೋರಿಸುತ್ತದೆ. ಒಂದು ದೋಷವು ಎರಡು ಅಂಕಿಗಳನ್ನು ಕೆಡಿಸಿತು. ಆದಕಾರಣ ಸಂವೇದಕವನ್ನು ತಂತಿಯಿಂದ ದೂರವಿರಿಸಿ, ನಿಯಂತ್ರಕವನ್ನು ಕವಚದ ಹೊರಗಿಡತಕ್ಕದ್ದು. ಆರ್ದ್ರತೆಯ ಪರೀಕ್ಷೆಗೆ ಅಡಿಗೆಯ ಉಪ್ಪೇ ಸಾಕು. ಉಪ್ಪಿಗೆ ಸ್ವಲ್ಪ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ, ಸಂವೇದಕಕ್ಕೆ ತಾಗದಂತೆ ಬಿಗಿಮುಚ್ಚಳದ ಭರಣಿಯಲ್ಲಿ ಎರಡನ್ನೂ ಒಂದು ಹಗಲಿರುಳು ಇಟ್ಟರೆ, ಒಳಗಣ ಗಾಳಿಯ ಆರ್ದ್ರತೆ ಶೇಕಡ ೭೫ಕ್ಕೆ ನಿಲ್ಲುತ್ತದೆ.

ಮಳೆಮಾಪಕವು ಇವೆಲ್ಲಕ್ಕಿಂತ ಸರಳವಾದದ್ದು, ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಫಲಪ್ರದವಾದದ್ದೂ ಹೌದು. ಆಲಿಕೆಯಿಂದ ಇಳಿದ ನೀರು ಏತದಂತೆ ಎರಡೂ ಕಡೆಗೆ ವಾಲಬಲ್ಲ ಜೋಡಿಬಟ್ಟಲಿಗೆ ಬೀಳುತ್ತದೆ. ಒಂದು ಬಟ್ಟಲು ತುಂಬಿದೊಡನೆ ಮಗುಚಿ ಮತ್ತೊಂದು ಮೇಲಕ್ಕೆ ಬರುತ್ತದೆ. ಪ್ರತಿ ಮಗುಚಿಗೂ ಅಯಸ್ಕಾಂತದಿಂದ ನಡೆಯುವ ಸಣ್ಣ ಸ್ವಿಚ್ಚೊಂದು ಎಣಿಕೆಯನ್ನು ಕಳುಹಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಕ್ರಿಸ್ಟೋಫರ್ ರೆನ್ ಕಲ್ಪಿಸಿದ ಉಪಾಯವಿದು. ಆಲಿಕೆಯ ಬಾಯಿ ೨೦೦ ಚದರ ಸೆಂಟಿಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ ೨೦ ಮಿಲಿಲೀಟರ್ ನೀರು ದೊರೆಯುತ್ತದೆ. ಒಂದು ಮಗುಚಿಗೆ ೦.೨ ಮಿಲಿಮೀಟರ್ ಎಂದು ತಯಾರಕರು ಹೇಳಿದ್ದರೆ ಬಟ್ಟಲು ೪ ಮಿಲಿಲೀಟರಿಗೆ ವಾಲಬೇಕು. ೪೦೦ ಮಿಲಿಲೀಟರ್ ನೀರನ್ನು ಅಳೆದು, ತಳದಲ್ಲಿ ಸೂಜಿಯಿಂದ ರಂಧ್ರ ಮಾಡಿದ ಸೀಸೆಯಿಂದ ಒಂದು ಗಂಟೆಯ ಕಾಲ ಹನಿಹನಿಯಾಗಿ ಇಳಿಸಿದರೆ ನೂರು ಎಣಿಕೆ ಬರಬೇಕು. ೯೨ ಬಂದಿತೆನ್ನಿ: ಒಂದು ಮಗುಚಿ ೦.೨ ಅಲ್ಲ, ೦.೨೧೭ ಎಂದಾಯಿತು, ಆ ಗುಣಕವನ್ನೇ ಬಳಸಬೇಕು. ನೂರಕ್ಕೆ ಬಹಳ ಮೀರಿದರೆ ಸ್ವಿಚ್ಚು ಒಂದು ಮಗುಚಿಗೆ ಎರಡು ಸಲ ಮಿಡಿಯುತ್ತಿರಬಹುದು. ಒಂದು ಎಣಿಕೆಯಾದ ಮೇಲೆ ಕ್ಷಣಕಾಲ ಮತ್ತೊಂದನ್ನು ಸ್ವೀಕರಿಸದಂತೆ ನಿಯಂತ್ರಕಕ್ಕೆ ವಿಧಿಸಬೇಕು. ಜಡಿಮಳೆಯಲ್ಲಿ ಬಟ್ಟಲು ವಾಲುತ್ತಿರುವಾಗಲೇ ಬಿದ್ದ ನೀರು ಲೆಕ್ಕ ತಪ್ಪುವುದರಿಂದ ಇಂಥ ಮಾಪಕಗಳು ಸ್ವಲ್ಪ ಕಡಿಮೆ ತೋರಿಸುತ್ತವೆಂಬುದನ್ನೂ ನೆನಪಿಡಬೇಕು. ಗೋಡೆ ಮರಗಳು ಮಾಪಕದ ಬಾಯಿಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬಿಡುವುದು ಕನಿಷ್ಠ ನಿಯಮ.

ಗಾಳಿಯ ವೇಗದ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಬಯಲಿನಲ್ಲಿ ೧೦ ಮೀಟರ್ ಎತ್ತರದಲ್ಲಿ ಅಳೆಯಬೇಕಾದುದನ್ನು ಮನೆಗಳ ನಡುವೆ ಅಳೆದರೆ ದೊರೆಯುವುದು ನೆರೆಮನೆಯ ಗೋಡೆಯ ಪ್ರಭಾವವೇ. ಹಣ ಮಿತವಾಗಿದ್ದರೆ ಇದನ್ನು ಬಿಟ್ಟುಬಿಡಬಹುದು.

ವಾಯುಭಾರಮಾಪಕಕ್ಕೆ ಸ್ಥಳದ ಕಾಟವಿಲ್ಲ, ಮನೆಯೊಳಗಿದ್ದರೂ ಆದೀತು. ಆದರೆ ಅದರ ಅರ್ಥವನ್ನು ತಿಳಿಯುವಲ್ಲಿ ನಮ್ಮವರು ಎಡವುವುದು ಹೆಚ್ಚು. ಸಮುದ್ರಮಟ್ಟದಿಂದ ೯೨೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮಾಪಕವು ಸುಮಾರು ೯೧೦ ಹೆಕ್ಟೋಪಾಸ್ಕಲ್ ತೋರಿಸುತ್ತದೆ. ಪತ್ರಿಕೆಯಲ್ಲಿ ಕಾಣುವ ೧೦೧೦ರ ಆಸುಪಾಸಿನ ಅಂಕಿಯು ಸಮುದ್ರಮಟ್ಟಕ್ಕೆ ಪರಿವರ್ತಿಸಿದುದು. ಉಪಕರಣ ಕೆಟ್ಟಿದೆಯೆಂದು ಗಾಬರಿಪಡಬೇಕಾಗಿಲ್ಲ. ಇದಕ್ಕಿಂತ ಮುಖ್ಯವಾದುದು, ವಾಯುಭಾರ ಕುಸಿದರೆ ಮಳೆ ಬರುವುದೆಂಬ ಸೂತ್ರ. ಇದು ಶೀತವಲಯದ ನಾಡುಗಳಲ್ಲಿ ಹುಟ್ಟಿದುದು. ಗೃಹಯಂತ್ರಗಳ ಅನೇಕ ತಂತ್ರಾಂಶಗಳಲ್ಲಿ ಹಾಗೆಯೇ ಉಳಿದಿದೆ. ಉಷ್ಣವಲಯದಲ್ಲಾದರೋ ವಾಯುಭಾರವು ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ: ಬೆಳಗ್ಗೆ ಮತ್ತು ರಾತ್ರಿ ಸುಮಾರು ಹತ್ತು ಗಂಟೆಗೆ ಏರು, ಮುಂಜಾನೆ ಮತ್ತು ಮಧ್ಯಾಹ್ನದ ನಾಲ್ಕರ ಸುಮಾರಿಗೆ ಇಳಿತ. ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರೊಳಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುವುದು ನಿತ್ಯವಿಧಿ. ಆ ಸೂತ್ರವನ್ನು ನಂಬಿದ ಯಂತ್ರವು ಶುಭ್ರವಾದ ಮಾಘಮಾಸದಲ್ಲಿಯೂ ಪ್ರತಿ ಮಧ್ಯಾಹ್ನ ಮಳೆಯನ್ನು ಸಾರುತ್ತದೆ. ಇಂದಿನ ನಾಲ್ಕು ಗಂಟೆಯ ಅಂಕಿಯನ್ನು ನಿನ್ನೆಯ ನಾಲ್ಕು ಗಂಟೆಯದರೊಡನೆ ಹೋಲಿಸಿದರೆ ಮಾತ್ರ ನಿಜವಾದ ಬದಲಾವಣೆ ತಿಳಿಯುತ್ತದೆ.

ಇನ್ನು ಮನೆಯೊಡನೆ ಜೋಡಣೆ. ಸಂವೇದಕಗಳಿಂದ ಬಂದ ಸಂದೇಶಗಳನ್ನು ಸ್ವೀಕರಿಸಿ ಹಂಚುವುದಕ್ಕೆ ಎಂ.ಕ್ಯು.ಟಿ.ಟಿ. ಎಂಬ ನಿಯಮಾವಳಿ ಬಳಕೆಯಲ್ಲಿದೆ. ಉಪಗ್ರಹದ ಮೂಲಕ ತೈಲದ ಕೊಳವೆಮಾರ್ಗಗಳ ಮೇಲೆ ಕಣ್ಣಿಡಲು ೧೯೯೯ರಲ್ಲಿ ರಚಿತವಾದುದು ಇದು. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವು ಆ ಸಂದೇಶಗಳನ್ನು ಮನೆಯೊಳಗಣ ಸಣ್ಣ ಗಣಕದಲ್ಲಿಯೇ ಸಂಗ್ರಹಿಸಿ, ರಿಲೇ ವಾಲ್ವುಗಳಿಗೆ ಆಜ್ಞೆ ಕೊಡುತ್ತದೆ. ದೂರದ ಸಂಸ್ಥೆಯ ಗಣಕವನ್ನು ಅವಲಂಬಿಸುವುದಕ್ಕಿಂತ ಇದು ಲೇಸು. ಮಳೆ ಗುಡುಗುಗಳ ಹೊತ್ತಿನಲ್ಲಿಯೇ ಅಂತರ್ಜಾಲವು ಕಡಿದುಹೋಗುವುದಷ್ಟೆ. ವಿದ್ಯುತ್ತೂ ಆಗಲೇ ಹೋಗುವುದರಿಂದ ಗಣಕಕ್ಕೂ ವೈ-ಫೈ ಯಂತ್ರಕ್ಕೂ ಯು.ಪಿ.ಎಸ್. ಅವಶ್ಯಕ. ಸಿದ್ಧ ಉಪಕರಣವನ್ನು ಕೊಳ್ಳುವವರು ಅದರ ರೇಡಿಯೋ ತರಂಗಾಂತರವನ್ನು ವಿಚಾರಿಸಬೇಕು. ನಮ್ಮ ದೇಶದಲ್ಲಿ ೮೬೫ರಿಂದ ೮೬೮ ಮೆಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಕಿಲ್ಲ. ಅಮೆರಿಕದ ಮಾರುಕಟ್ಟೆಗೆ ಮಾಡಿದ ೯೧೫ ಮೆಗಾಹರ್ಟ್ಸಿನ ಉಪಕರಣವು ಇಲ್ಲಿನ ಮೊಬೈಲ್ ದೂರವಾಣಿಯ ಪಟ್ಟಿಗೆ ತಾಗಿಕೊಂಡಿರುತ್ತದೆ.

ಅಂಕಿ ತಪ್ಪಾದರೆ ಓದುವವನು ಸಂಶಯಪಟ್ಟಾನು, ಯಂತ್ರವು ಸಂಶಯಪಡುವುದಿಲ್ಲ. ತಾರಸಿಯ ಕೈತೋಟಕ್ಕೆ ಹನಿ ನೀರಾವರಿಯಿದೆ, ಹಿಂದಿನ ೨೪ ಗಂಟೆಗಳಲ್ಲಿ ೫ ಮಿಲಿಮೀಟರ್ ಮಳೆಯಾಗಿದ್ದರೆ ನೀರು ಬಿಡಬಾರದು ಎಂಬ ನಿಯಮವನ್ನು ಬರೆದಿದೆ ಎಂದುಕೊಳ್ಳೋಣ. ಆಲಿಕೆಗೆ ಎಲೆ ಸಿಕ್ಕಿ ಮಳೆ ಶೂನ್ಯವೆಂದು ಬಂದರೆ ಒಂದು ದಿನ ನೀರು ವ್ಯರ್ಥವಾಗುತ್ತದೆ, ಅಷ್ಟೆ. ಸಂದೇಶ ನಿಂತುಹೋದರೆ ಸಂಗತಿ ಬೇರೆ. ಕೊನೆಯ ಸಂದೇಶವನ್ನು ಹಿಡಿದಿಟ್ಟುಕೊಳ್ಳುವ ಸೌಲಭ್ಯವು ಎಂ.ಕ್ಯು.ಟಿ.ಟಿ.ಯಲ್ಲಿ ಇರುವುದರಿಂದ, ಸಂವೇದಕದ ಬ್ಯಾಟರಿ ಮುಗಿದ ಮೇಲೂ ಹಳೆಯ ೧೨ ಮಿಲಿಮೀಟರ್ ಹೊಸದರಂತೆಯೇ ನಿಂತಿರಬಹುದು. ಗಿಡಗಳು ವಾರವಿಡೀ ಒಣಗಬಹುದು. ಎರಡು ತಪ್ಪುಗಳ ಬೆಲೆ ಸಮವಲ್ಲ. ಆದಕಾರಣ ಪ್ರತಿಯೊಂದು ಅಂಕಿಗೂ ಆಯುಷ್ಯವನ್ನು ಗೊತ್ತುಮಾಡಬೇಕು: ಅರ್ಧ ಗಂಟೆಗಿಂತ ಹಳೆಯ ವರದಿಯನ್ನು ಯಂತ್ರವು ಇಲ್ಲವೆಂದೇ ತಿಳಿದು, ದಿನನಿತ್ಯದ ವೇಳಾಪಟ್ಟಿಗೆ ಮರಳಬೇಕು. ಫ್ಯಾನು ೩೦ ಡಿಗ್ರಿಗೆ ಹೊತ್ತಿಕೊಂಡರೆ ೨೯ಕ್ಕೆ ಆರುವಂತೆ ಎರಡು ಮಿತಿಗಳನ್ನಿಡಬೇಕು. ಇಲ್ಲವಾದರೆ ಮಿತಿಯ ಅಂಚಿನಲ್ಲಿ ಅದು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತದೆ. ಬೆಂಕಿ, ಬೀಗ, ಲಿಫ್ಟುಗಳ ವಿಷಯದಲ್ಲಿ ಇಂಥ ಸಂವೇದಕಗಳಿಗೆ ಅಧಿಕಾರ ಕೊಡುವುದನ್ನು ನಾವು ಒಪ್ಪುವುದಿಲ್ಲ.

ದತ್ತಾಂಶವನ್ನು ಅಧ್ಯಯನಕ್ಕೆ ಬಳಸುವವರು ದಿನದ ಗಡಿಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಹವಾಮಾನ ಇಲಾಖೆಯ ಮಳೆದಿನವು ಬೆಳಗ್ಗೆ ೮ ಗಂಟೆ ೩೦ ನಿಮಿಷಕ್ಕೆ ಮುಗಿಯುತ್ತದೆ; ಗೃಹಯಂತ್ರದ ದಿನವು ಮಧ್ಯರಾತ್ರಿಗೆ. ಐದನೆಯ ತಾರೀಖಿನ ಸಂಜೆ ಸುರಿದ ಮಳೆಯು ಇಲಾಖೆಯ ಪಟ್ಟಿಯಲ್ಲಿ ಆರನೆಯ ತಾರೀಖಿನಡಿ ಕಾಣುತ್ತದೆ. ಸಂಜೆಯ ಮಳೆಯೇ ಹೆಚ್ಚಾದ ನಮ್ಮ ಬಯಲುಸೀಮೆಯಲ್ಲಿ ಇದನ್ನು ಗಮನಿಸದೆ ಎರಡು ಪಟ್ಟಿಗಳನ್ನು ಹೋಲಿಸಿದ ವಿದ್ಯಾರ್ಥಿಗೆ, ಸರಿಯಾಗಿರುವ ಮಾಪಕವೂ ಸುಳ್ಳು ಹೇಳುವಂತೆ ತೋರುತ್ತದೆ. ತಂತ್ರಾಂಶದ ಎಣಿಕೆಯನ್ನು ಎಂಟೂವರೆಗೆ ಶೂನ್ಯಕ್ಕೆ ತರುವಂತೆ ವಿಧಿಸಿ, ಒಂದು ಮಳೆಗಾಲವೆಲ್ಲ ಸಮೀಪದ ಅಧಿಕೃತ ಮಾಪಕದೊಡನೆ ತಾಳೆ ನೋಡಿದ ಮೇಲೆ ಅಂಕಿಗಳನ್ನು ಪ್ರಬಂಧದಲ್ಲಿ ಸೇರಿಸಬಹುದು.