ನುಂಗುವ ನಾಡಿನಲ್ಲಿ ಅಗಿಯುವ ಪಾಠ

ಮುದ್ದೆಯನ್ನು ಅಗಿಯಬಾರದು. ಮಧುಗಿರಿ ಸೀಮೆಯಲ್ಲಿ ಮಕ್ಕಳಿಗೆ ಉಣ್ಣಲು ಕಲಿಸುವಾಗಲೇ ಹೇಳಿಕೊಡುವ ಮಾತಿದು. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ನುಂಗಬೇಕು. ಹಲ್ಲಿಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ನನ್ನ ಅಕ್ಕ ನಲವತ್ತಾರು ವರ್ಷ ಹೀಗೇ ಉಂಡವಳು. ಆಮೇಲೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಜಠರದ ಮುಕ್ಕಾಲು ಭಾಗವನ್ನು ತೆಗೆದರು. ಮನೆಗೆ ಕಳಿಸುವಾಗ ಕೈಗೆ ಕೊಟ್ಟ ಆಹಾರದ ಪಟ್ಟಿಯಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಸೂಪ್ ಇತ್ತು, ಸುಟ್ಟ ಮೀನು ಇತ್ತು. ಮುದ್ದೆಯ ಹೆಸರಿರಲಿಲ್ಲ.

ಮುದ್ದೆ ಯಾವಾಗ ಉಣ್ಣಬಹುದು, ಹೇಗೆ ಉಣ್ಣಬೇಕು ಎಂಬುದಕ್ಕೆ ಅವಳಿಗೆ ಉತ್ತರ ಸಿಕ್ಕಿದ್ದು ಶಿರಾ ಕಡೆಯ ಒಬ್ಬ ಹೆಂಗಸಿನಿಂದ. ಆಕೆಗೂ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅಕ್ಕ ಆಪರೇಷನ್ನಿಗೆ ಮೊದಲು ತಪಾಸಣೆಗೆ ಹೋದ ದಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಆದ ಪರಿಚಯ. “ಮೊದ್ಲು ಸಾರಲ್ಲಿರೋ ಕಾಳು ತಿನ್ನು, ಮುದ್ದೆ ಕಡೇಗೆ. ಅವರೆಕಾಳಿನಷ್ಟು ಮುರ್ಕೊಂಡು ಮೂವತ್ತು ಸಲ ಅಗಿ. ಅಂಟಿದ್ರೆ ಅಂಟ್ಲಿ.” ಈ ಮಾತಿನಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದು ನನಗೆ ತಿಳಿದದ್ದು ಆಮೇಲೆ ಓದುತ್ತಾ ಹೋದಾಗ.

ಈ ಚಿಕಿತ್ಸೆಯ ಹೆಸರು ಬೇರಿಯಾಟ್ರಿಕ್ ಸರ್ಜರಿ. ನಮ್ಮ ಕಡೆ ಇದರ ಬಗ್ಗೆ ಎರಡು ಗೊಂದಲ ಇವೆ. ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಮತ್ತು ಇದು ಒಂದೇ ಎಂದು ತಿಳಿದವರು ಬಹಳ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡಾಗ ಅಕ್ಕನ ಮನೆಯಲ್ಲೂ ಎಲ್ಲರೂ ಬೆದರಿದ್ದರು. ಆದರೆ ಲೈಪೊಸಕ್ಷನ್ ಚರ್ಮದ ಕೆಳಗಿನ ಕೊಬ್ಬನ್ನು ತೆಗೆದು ಆಕಾರ ತಿದ್ದುವ ಕೆಲಸ, ಬೊಜ್ಜೆಂಬ ಕಾಯಿಲೆಗೆ ಅದು ಮದ್ದಲ್ಲ. ಎರಡನೆಯ ಗೊಂದಲ ‘ಬೈಪಾಸ್’ ಎಂಬ ಮಾತಿನದು. ಹಳ್ಳಿಯಲ್ಲಿ ಬೈಪಾಸ್ ಎಂದರೆ ಹೃದಯ. ಇಲ್ಲಿ ಬೈಪಾಸ್ ಆಗುವುದು ಜಠರ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಇದನ್ನು ಆರಂಭಿಸಿದರು. ಈಗಿನ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದಕ್ಕೆ ನೇರವಾಗಿ ಸಣ್ಣ ಕರುಳನ್ನು ಜೋಡಿಸುತ್ತಾರೆ. ಅಕ್ಕನಿಗೆ ಆದದ್ದು ಸ್ಲೀವ್. ಅಂಗಿಯ ತೋಳಿನ ಹಾಗೆ, ಇಲ್ಲವೇ ಬಾಳೆಕಾಯಿಯ ಹಾಗೆ ಜಠರದ ಒಂದು ಉದ್ದನೆಯ ಕೊಳವೆಯನ್ನಷ್ಟೇ ಉಳಿಸಿ, ಮಿಕ್ಕಿದ್ದನ್ನು ಕತ್ತರಿಸಿ ಸ್ಟೇಪಲ್ ಹಾಕುತ್ತಾರೆ. ಲೀಟರಿಗೂ ಮೀರಿ ಹಿಡಿಯುತ್ತಿದ್ದ ಜಾಗದಲ್ಲಿ ನೂರು, ನೂರೈವತ್ತು ಮಿಲಿಲೀಟರು, ಅಂದರೆ ಒಂದು ಸಣ್ಣ ಲೋಟದಷ್ಟು ಉಳಿಯುತ್ತದೆ.

ಹೊಟ್ಟೆ ಚಿಕ್ಕದಾಯಿತು, ಊಟ ಕಮ್ಮಿಯಾಯಿತು, ತೂಕ ಇಳಿಯಿತು ಎಂದುಕೊಂಡರೆ ಅರ್ಧ ವಿಷಯ ಕೈತಪ್ಪುತ್ತದೆ. ಕತ್ತರಿಸಿ ತೆಗೆಯುವ ಜಠರದ ಮೇಲ್ಭಾಗದಲ್ಲಿಯೇ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅದನ್ನು 1999ರಲ್ಲಿ ಗುರುತಿಸಿದರು. ಆ ಭಾಗ ಹೋದರೆ ಹಸಿವಿನ ಕೂಗೇ ತಗ್ಗುತ್ತದೆ. ಇತ್ತ ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ‘ಸಾಕು’ ಎಂದು ಮಿದುಳಿಗೆ ಹೇಳುವ, ಇನ್ಸುಲಿನ್ ಹೊರಡಿಸುವ ಜಿಎಲ್‌ಪಿ-1 ಎಂಬ ಹಾರ್ಮೋನ್ ಏರುತ್ತದೆ. 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೊ ಎಂಬ ಇಂಜೆಕ್ಷನ್ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದನ್ನು ಕಂಡು ಬೆರಗಾದ ವಾಲ್ಟರ್ ಪೋರಿಸ್ 1995ರಲ್ಲಿ ಬರೆದ ಪ್ರಬಂಧ ವೈದ್ಯಲೋಕದಲ್ಲಿ ಹೆಸರುವಾಸಿ. ಅಕ್ಕನಿಗೂ ಹಾಗೇ ಆಯಿತು. ಆದ್ದರಿಂದಲೇ ಒಂದು ಎಚ್ಚರ ಬೇಕು. ಆಪರೇಷನ್ ಆದ ಮೇಲೂ ಹಳೇ ಚೀಟಿಯಂತೆಯೇ ಶುಗರ್ ಮಾತ್ರೆ, ಬಿಪಿ ಮಾತ್ರೆ ನುಂಗುತ್ತಾ ಹೋದರೆ ಶುಗರ್, ಬಿಪಿ ಪಾತಾಳಕ್ಕಿಳಿದು ಬವಳಿ ಬಂದು ಬೀಳಬಹುದು. ಮಾತ್ರೆಯ ಪ್ರಮಾಣವನ್ನು ವೈದ್ಯರು ಹೊಸದಾಗಿ ಗೊತ್ತುಮಾಡಲೇಬೇಕು.

ಯಾರಿಗೆ ಈ ಆಪರೇಷನ್? ಭಾರತೀಯರ ಮೈಯಲ್ಲಿ ಅದೇ ತೂಕಕ್ಕೆ ಯುರೋಪಿನವರಿಗಿಂತ ಕೊಬ್ಬು ಜಾಸ್ತಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಇದನ್ನು ತಮ್ಮ ಮೈಮೇಲೆಯೇ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಹೀಗಾಗಿ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ 27.5 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತೆತ್ತಬಹುದು ಎನ್ನುತ್ತದೆ. ನಮ್ಮ ವಿಮಾ ನಿಯಂತ್ರಕರು 2019ರಲ್ಲಿ ಮಾಡಿದ ನಿಯಮದಲ್ಲಿ ಗೆರೆ ಇರುವುದು 40ಕ್ಕೆ, ಗಂಭೀರ ಕಾಯಿಲೆಗಳಿದ್ದರೆ 35ಕ್ಕೆ. 155 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಮೊದಲನೆಯ ಲೆಕ್ಕ 66 ಕಿಲೊ ಆದರೆ, ವಿಮೆಯದು 96 ಕಿಲೊ, ಕಾಯಿಲೆ ಇದ್ದರೆ 84. ನಡುವೆ ಇರುವವರು ಲಕ್ಷಗಟ್ಟಲೆ ಹಣವನ್ನು ತಾವೇ ಹೊಂದಿಸಬೇಕು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಬೊಜ್ಜು ಪಟ್ಟಣದ ಸಿರಿವಂತರ ಕಾಯಿಲೆ ಎಂಬ ಮಾತಿಗೂ ಈಗ ಅರ್ಥವಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿ, ಗಂಡಸರಲ್ಲಿ ಹತ್ತಿರ ಹತ್ತಿರ ಶೇ 30ರಷ್ಟು ಮಂದಿಗೆ ಅತಿತೂಕವಿದೆ.

ಅಕ್ಕ 155 ಸೆಂಟಿಮೀಟರ್, 104 ಕಿಲೊ ಇದ್ದಳು. ಮಂಡಿ ಹಿಡಿದಿತ್ತು, ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿತ್ತು.

ಆಪರೇಷನ್ನಿಗೆ ಎರಡು ವಾರ ಮೊದಲಿನಿಂದ ತೀರಾ ಕಮ್ಮಿ ಕ್ಯಾಲೊರಿಯ, ಹಿಟ್ಟು-ಸಕ್ಕರೆ ಇಳಿಸಿದ, ಪ್ರೋಟೀನ್ ಹೆಚ್ಚಿರುವ ಊಟ ಕೊಡುತ್ತಾರೆ. ತೂಕ ಇಳಿಸಲೆಂದು ಬಹಳ ಜನ ತಿಳಿಯುತ್ತಾರೆ. ನಿಜವಾದ ಗುರಿ ಲಿವರ್. ಲಿವರ್‌ನ ಎಡಭಾಗ ಜಠರದ ಮೇಲೆ ಮುಚ್ಚಳದಂತೆ ಮಲಗಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಅದನ್ನೆತ್ತಿ ಹಿಡಿದು ಕೆಳಗೆ ಕೆಲಸ ಮಾಡುವುದು ಹೊಟ್ಟೆಯೊಳಗೆ ದುರ್ಬೀನು ಇಳಿಸಿದ ವೈದ್ಯರಿಗೆ ಕಷ್ಟ, ರಕ್ತಸ್ರಾವದ ಅಪಾಯವೂ ಉಂಟು. ಎರಡು ವಾರದ ಪಥ್ಯಕ್ಕೆ ಅದು ಕುಗ್ಗಿ ಮೆತ್ತಗಾಗುತ್ತದೆ. ಅಕ್ಕನ ಪಥ್ಯದ ನಡುವೆ ಬೀಗರೂಟವೊಂದು ಬಂತು. “ಇವತ್ತೊಂದು ದಿನ ಉಣ್ಣಮ್ಮ” ಎಂದು ಎಲೆ ಹಾಕಿದವರಿಗೆಲ್ಲ ಲಿವರ್‌ನ ಕತೆ ಹೇಳುವುದು ಹೇಗೆ? ಆಗಲೂ ಶಿರಾದವರೇ ನೆರವಾದರು. “ಹೊಟ್ಟೆ ಪರೀಕ್ಷೆ ಇದೆ, ಡಾಕ್ಟ್ರು ಬೇಡ ಅಂದವ್ರೆ ಅನ್ನು. ಅದು ಸುಳ್ಳೂ ಅಲ್ಲ.”

ಇನ್ನು ಬೀಡಿ, ಸಿಗರೇಟು ಸೇದುವವರು ವಾರಗಟ್ಟಲೆ ಮೊದಲೇ ಬಿಡಬೇಕು. ಇಲ್ಲದಿದ್ದರೆ ಹೊಲಿಗೆ ಮಾಯುವುದು ತಡವಾಗುತ್ತದೆ. ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನವನ್ನು ಬಾಯಿಗಿಟ್ಟು ಉಸಿರೆಳೆದು ಚೆಂಡು ಮೇಲೇರಿಸುವ ಅಭ್ಯಾಸವನ್ನು ಮನೆಯಲ್ಲೇ ಶುರುಮಾಡಿದರೆ ಒಳ್ಳೆಯದು.

ಚೇತರಿಕೆ ನಡೆಯುವುದು ಅಡುಗೆಮನೆಯಲ್ಲಿ. ಮೊದಲು ತಿಳಿನೀರಿನಂಥ ಪಾನೀಯ, ಆಮೇಲೆ ಎರಡು ವಾರ ಹಾಲು, ಮಜ್ಜಿಗೆ, ಬೇಳೆಕಟ್ಟಿನಂಥ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತನೆಯದು, ಆರರಿಂದ ಎಂಟು ವಾರದ ಹೊತ್ತಿಗೆ ಮಾಮೂಲಿ ಊಟ. ಅಕ್ಕ ಕೆಮ್ಮಿನ ಔಷಧದ ಬಾಟಲಿಗೆ ಕೊಡುವ ಅಳತೆಯ ಮುಚ್ಚಳವನ್ನು ತೊಳೆದಿಟ್ಟುಕೊಂಡಿದ್ದಳು. ಅದರಲ್ಲಿ ಒಂದು ಗುಟುಕು ನೀರು, ಗಡಿಯಾರ ನೋಡಿ ಇನ್ನೊಂದು ಗುಟುಕು. ಒಂದು ಚೊಂಬು ನೀರನ್ನು ಗಟಗಟನೆ ಎತ್ತಿ ಕುಡಿದು ರೂಢಿಯಾದ ಕೈಗೆ ಅದು ದೊಡ್ಡ ತಪಸ್ಸು. ಊಟದ ಜೊತೆಗೆ ನೀರು ಕುಡಿಯುವಂತಿಲ್ಲ, ಊಟವಾದ ಮೇಲೂ ಅರ್ಧ ಗಂಟೆ ಕಾಯಬೇಕು. ಉಂಡ ಕೂಡಲೇ ಮಜ್ಜಿಗೆ ಕುಡಿಯದೆ ಎದ್ದರೆ ಊಟವೇ ಮುಗಿದಂತಾಗದ ಮನೆ ಅವಳದು.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ. ಇಲ್ಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೇರಳ, ನೂರು ಗ್ರಾಮಿಗೆ 364 ಮಿಲಿಗ್ರಾಂ. ಪ್ರೋಟೀನ್ ಮಾತ್ರ ಏಳೇ ಗ್ರಾಂ. ಹುರುಳಿಯಲ್ಲಿ ಇಪ್ಪತ್ತೆರಡರ ಹತ್ತಿರ. ಸಣ್ಣ ಲೋಟದಷ್ಟೇ ಜಾಗ ಇರುವ ಹೊಟ್ಟೆಗೆ ಮೊದಲು ಮುದ್ದೆ ಇಳಿಸಿದರೆ ಕಾಳಿಗೆ ತಾವೆಲ್ಲಿ? ‘ಮೊದ್ಲು ಕಾಳು’ ಎಂದ ಶಿರಾದವರ ಮಾತಿನ ಒಳಗುಟ್ಟು ಇದು. ಹುರುಳಿ ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯವೇ ಅಕ್ಕನ ಊಟ, ಮುದ್ದೆ ನಂಜಿಕೊಳ್ಳಲು. ತಲೆಕೆಳಗಾದ ತಟ್ಟೆ! ಮೊಟ್ಟೆ ಒಂದಕ್ಕೆ ಆರು ಗ್ರಾಂ. ಪಾವಗಡ, ಶಿರಾ, ಮಧುಗಿರಿಯ ಕಡ್ಲೆಕಾಯಿಯಲ್ಲೂ ಪ್ರೋಟೀನ್ ಹೆಚ್ಚು, ಆದರೆ ಎಣ್ಣೆಯೂ ಹೆಚ್ಚು, ಇಡೀ ಬೀಜ ತಿನ್ನಲು ತಿಂಗಳುಗಟ್ಟಲೆ ಕಾಯಬೇಕು. ಇಷ್ಟೆಲ್ಲ ಮಾಡಿದರೂ ಮೊದಲ ತಿಂಗಳುಗಳಲ್ಲಿ ಪುಡಿ ಕಲಸಿ ಕುಡಿಯದೆ ಲೆಕ್ಕ ತುಂಬುವುದು ಕಷ್ಟ.

ಅಗಿಯದೆ ನುಂಗಿದರೆ ಏನಾಗುತ್ತದೆಂದು ಅಕ್ಕನಿಗೆ ಒಮ್ಮೆ ಗೊತ್ತಾಯಿತು. ಮಾತಾಡುತ್ತಾ ಹಳೇ ಅಭ್ಯಾಸದಲ್ಲಿ ಒಂದು ತುತ್ತು ಜಾರಿಸಿಬಿಟ್ಟಳು. ಎದೆಗೂಡಿನ ನಡುವೆ ಕಲ್ಲು ಕೂತಂತೆ, ಬಾಯಿತುಂಬ ನೊರೆನೊರೆ ಜೊಲ್ಲು, ಹತ್ತು ನಿಮಿಷ ಕೂರಲೂ ಆಗದೆ ನಿಲ್ಲಲೂ ಆಗದೆ ಹಿತ್ತಲಲ್ಲಿ ಓಡಾಡಿದಳು. ಹೃದಯಾಘಾತವೆಂದು ಭಾವ ಕಾರು ತೆಗೆಯಲು ಹೋದರು. ಶಿರಾಕ್ಕೆ ಫೋನ್ ಹೋಯಿತು. “ನೊರೆ ಬರ್ತಿದ್ಯಾ? ಉಗೀತಾ ಇರು, ನೀರು ಮಾತ್ರ ಕುಡೀಬೇಡ. ಕೈಗೆ, ದವಡೆಗೆ ನೋವಿಲ್ಲ ತಾನೆ? ಬೆವರು? ಅರ್ಧ ಗಂಟೇಲಿ ಇಳೀದಿದ್ರೆ ಆಸ್ಪತ್ರೆಗೆ ಹೊರಡಿ.” ಇಳಿಯಿತು.

ಮೂರನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂದಾಗಲೂ ಹೀಗೇ. ಶಸ್ತ್ರಚಿಕಿತ್ಸೆ, ದಿಢೀರನೆ ಇಳಿದ ತೂಕ ಎರಡರ ಆಘಾತಕ್ಕೆ ಕೂದಲ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಜಾರುತ್ತವೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ವೈದ್ಯರು ಮೊದಲೇ ಹೇಳಿದ್ದರು. ಆದರೆ ಉದುರಿ ಮತ್ತೆ ಬೆಳೆದ ಜಡೆಯನ್ನು ವಿಡಿಯೊ ಕರೆಯಲ್ಲಿ ತೋರಿಸಿದ ಶಿರಾದವರನ್ನು ಅಕ್ಕ ನಂಬಿದಳು.

ಅನುಭವಸ್ಥರ ಮಾತಿಗೆ ಎಲ್ಲೆಯೂ ಇದೆ. ಅದನ್ನು ಒತ್ತಿ ಹೇಳಬೇಕು. ನಮ್ಮ ಊರುಗಳಲ್ಲಿ ಸುಸ್ತು ಎಂದ ಕೂಡಲೇ ಗ್ಲೂಕೋಸ್ ಬಾಟಲಿ ಹಾಕಿಸುವುದು ವಾಡಿಕೆ. ಈ ಆಪರೇಷನ್ ಆದವರು ಹಲವು ದಿನ ಬಿಡದೆ ವಾಂತಿ ಮಾಡಿಕೊಂಡಿದ್ದರೆ ಬರೀ ಗ್ಲೂಕೋಸ್ ಹಾಕಿಸುವುದು ಅಪಾಯ. ಮೈಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಎರಡು ಮೂರು ವಾರಕ್ಕೆ ಬರಿದಾಗುತ್ತದೆ. ಸಕ್ಕರೆಯನ್ನು ಉರಿಸಲು ಮಿದುಳಿಗೆ ಅದೇ ಬೇಕು. ಅದಿಲ್ಲದಾಗ ಗ್ಲೂಕೋಸ್ ಸುರಿದರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ, ಕಣ್ಣುಗುಡ್ಡೆ ಹೊರಳದೆ, ನಡಿಗೆ ತೂರಾಡಿ, ನೆನಪು ಕಲಸಿಹೋಗುವ ವರ್ನಿಕೆ ಎಂಬ ಕಾಯಿಲೆ ಬರಬಹುದು. ಮೊದಲು ಥಯಮಿನ್ ಚುಚ್ಚಬೇಕು. “ನನಗೆ ಹೊಟ್ಟೆ ಆಪರೇಷನ್ ಆಗಿದೆ, ಬಿ1 ಕೊಡದೆ ಗ್ಲೂಕೋಸ್ ಬೇಡ” ಎಂದು ಬರೆದ ಚೀಟಿ ಅಕ್ಕನ ಪರ್ಸಿನಲ್ಲಿ ಸದಾ ಇರುತ್ತದೆ. ಮೊದಲ ವಾರಗಳಲ್ಲಿ ಜ್ವರ, ನಾಡಿ 120 ದಾಟುವುದು, ಎಡಭುಜದ ನೋವು, ಏದುಸಿರು, ಮೀನಖಂಡದ ಊತ ಇವುಗಳಲ್ಲಿ ಒಂದು ಕಂಡರೂ ಯಾರಿಗೂ ಫೋನ್ ಮಾಡುತ್ತಾ ಕೂರಬಾರದು. ಹೊಲಿಗೆ ಸೋರಿರಬಹುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆಸ್ಪತ್ರೆಯಿಂದ ಮನೆಗೆ ಮರಳುವ ಪ್ರಯಾಣದಲ್ಲೂ ಎಚ್ಚರ ಬೇಕು: ಬೆಂಗಳೂರಿನಿಂದ ಪಾವಗಡಕ್ಕೆ ಮೂರ್ನಾಲ್ಕು ಗಂಟೆ ಕಾಲು ಮಡಚಿ ಕೂರದೆ, ದಾರಿಯಲ್ಲಿ ಇಳಿದಿಳಿದು ನಡೆಯಬೇಕು.

ಕಬ್ಬಿಣ, ಬಿ12, ಸುಣ್ಣ, ಡಿ ಜೀವಸತ್ವದ ಮಾತ್ರೆಗಳು ಬದುಕಿಡೀ ಬೇಕು. ಬಿ12 ಹೀರಿಕೊಳ್ಳಲು ನೆರವಾಗುವ ಪ್ರೋಟೀನು ಜಠರದಲ್ಲೇ ಹುಟ್ಟುವುದು, ಆ ಜಠರವೇ ಈಗ ಸಣ್ಣದು. ಕಬ್ಬಿಣ, ಸುಣ್ಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ರಾಜ್ಯದ ಹೆಂಗಸರಲ್ಲಿ ಅರ್ಧದ ಹತ್ತಿರದವರಿಗೆ ಮೊದಲೇ ರಕ್ತಹೀನತೆ ಇರುವುದರಿಂದ ಕಬ್ಬಿಣ ತಪ್ಪಿಸುವಂತಿಲ್ಲ. ಆಪರೇಷನ್ ಆದ ಮೇಲೆ ಒಂದೂವರೆ ವರ್ಷ ಬಸಿರು ಮುಂದೂಡುವುದೂ ಲೇಸು. ಬೈಪಾಸ್ ಆದವರಿಗೆ ಹೆಂಡ ಬಹುಬೇಗ ನೆತ್ತಿಗೇರುತ್ತದೆ.

ಜೊತೆಗಾರರ ನೆರವಿನಿಂದ ನಿಜಕ್ಕೂ ಲಾಭವಿದೆಯೇ? ಇಂಥ ಗುಂಪುಗಳಿಗೆ ಬರುವವರ ತೂಕ ಹೆಚ್ಚು ಇಳಿದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಛಲ ಇರುವವರೇ ಗುಂಪಿಗೆ ಬರುತ್ತಿರಬಹುದು, ಅದನ್ನೂ ಗಮನದಲ್ಲಿಡಬೇಕು. ನಮಗೆ ಹತ್ತಿರದ ಉದಾಹರಣೆ ಕೇರಳದ ನೆಯ್ಯಾಟ್ಟಿಂಕರ ತಾಲ್ಲೂಕಿನದು. ಅಲ್ಲಿ ಮಧುಮೇಹದ ಅಂಚಿನಲ್ಲಿದ್ದ 1007 ಜನರನ್ನು 60 ಮತಗಟ್ಟೆ ವ್ಯಾಪ್ತಿಗಳಿಂದ ಆರಿಸಿ, ಅರ್ಧದಷ್ಟು ಕಡೆ ಊರವರನ್ನೇ ಮುಂದಾಳುಗಳಾಗಿ ಮಾಡಿ ಗುಂಪು ಕಟ್ಟಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಮಧುಮೇಹ ಖಚಿತವಾಗಿ ತಗ್ಗಿದೆ ಎನ್ನುವಷ್ಟು ವ್ಯತ್ಯಾಸ ಸಿಗಲಿಲ್ಲ. ಆದರೆ ತರಕಾರಿ ತಿನ್ನುವುದು ಹೆಚ್ಚಾಯಿತು, ಕುಡಿತ ಕಡಿಮೆಯಾಯಿತು. ನನಗೆ ಇದು ಸಣ್ಣ ಫಲವಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆಯ ಕತೆ ಒಂದು ದಿನದ್ದಲ್ಲವಲ್ಲ. 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನ ಈ ಚಿಕಿತ್ಸೆಯಿಂದ ಸಾವು ಕಡಿಮೆಯಾಗುತ್ತದೆಂದು ತೋರಿಸಿದ್ದು 2007ರಲ್ಲಿ. ಅದೇ ಅಧ್ಯಯನದಲ್ಲಿ ಇಳಿದ ತೂಕದ ಒಂದು ಪಾಲು ವರ್ಷಗಳು ಕಳೆದಂತೆ ಮರಳಿದ್ದೂ ಕಂಡಿತು.

ನಮ್ಮ ಹೆಂಗಸರಿಗೆ ಗುಂಪು ಹೊಸದಲ್ಲ. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘ ಎಂದು ವಾರವಾರ ಸೇರಿ ಅಭ್ಯಾಸವಿದೆ. ಆದರೂ ಸಂಘದಲ್ಲಿ ಅಕ್ಕ ತನ್ನ ಆಪರೇಷನ್ ವಿಷಯ ಎತ್ತಲಿಲ್ಲ. ‘ದುಡ್ಡು ಕೊಟ್ಟು ಹೊಟ್ಟೆ ಕುಯ್ಸಿಕೊಂಡಳು’ ಎಂಬ ಮಾತಿಗೆ ಹೆದರಿಕೆ. ಮದುವೆಯಾಗದ ಹೆಣ್ಣುಮಕ್ಕಳ ಮನೆಯವರಂತೂ ಪೂರಾ ಮುಚ್ಚಿಡುತ್ತಾರೆ. ಹಾಗಾಗಿಯೇ ಪಕ್ಕದ ಬೀದಿಯವರಿಗಿಂತ ಪಕ್ಕದ ತಾಲ್ಲೂಕಿನವರು ವಾಸಿ ಎನಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಒಂದು ಶೈಕ್ಷಣಿಕ ಜಿಲ್ಲೆ. ಉಣ್ಣುವ ಮುದ್ದೆ ಒಂದೇ, ಸುದ್ದಿ ಹರಡುವ ಕಟ್ಟೆ ಬೇರೆ ಬೇರೆ. ಶಿರಾದವರು ಅಕ್ಕನಿಗೆ, ಅಕ್ಕ ಕೊರಟಗೆರೆಯ ಒಬ್ಬ ಮೇಷ್ಟರಿಗೆ, ಹೀಗೆ ಐದಾರು ಜನರ ಸರಪಳಿ ಬೆಳೆದಿದೆ. ಎದುರಾಬದುರು ಕೂತದ್ದು ಒಮ್ಮೆ ಮಾತ್ರ, ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಬಂದ ನೆಪದಲ್ಲಿ.

ಹೋದ ತಿಂಗಳು ಪಾವಗಡದಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಮನೆಮಾತು ತೆಲುಗು. ಅವರಲ್ಲಿ ಮುದ್ದೆಗೆ ಸಂಗಟಿ ಎನ್ನುತ್ತಾರೆ, ಅನ್ನ ಬೇಯಿಸಿ ಅದಕ್ಕೆ ರಾಗಿಹಿಟ್ಟು ಹಾಕಿ ತಿರುವುತ್ತಾರೆ. “ಅಗುಳು ಸಿಕ್ಕಿಹಾಕ್ಕೊಳಲ್ವಾ ಅಕ್ಕಾ?” ಅಕ್ಕನಿಗೆ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದಳು. ಅಂದು ರಾತ್ರಿ ಒಂದು ಹಿಡಿ ಅಕ್ಕಿ ಹಾಕಿ ಸಂಗಟಿ ಮಾಡಿದಳು, ಗಡಿಯಾರ ಎದುರಿಗಿಟ್ಟುಕೊಂಡು, ಎಣಿಸಿ ಎಣಿಸಿ ಅಗಿದಳು. ಬೆಳಗ್ಗೆ ಫೋನ್ ತೆಗೆದಳು. “ಅನ್ನ ಮೆತ್ತಗೆ ಬೆಂದಿದ್ರೆ ಪರವಾಗಿಲ್ಲ, ಗಟ್ಟಿ ಅಗುಳಿದ್ರೆ ಮುಟ್ಬೇಡ. ನಿಂಗೆಷ್ಟು ವಾರ ಆಯ್ತು? ಆರಾ? ಹಂಗಾದ್ರೆ ಇನ್ನೂ ಎರಡು ವಾರ ತಡಿ. ಅಷ್ಟರಲ್ಲಿ ನಿಮ್ಮ ಡಯಟಿಷಿಯನ್ನೂ ಕೇಳಿಟ್ಕೋ.”