ಎತ್ತಿದರೆ ಮೂರು, ಒತ್ತಿಗೆ ನಿಂತರೆ ನಾಲ್ಕು

ವೆಂಟಿಲೇಟರಿನಿಂದ ಪಾರಾಗಿ ಬಂದವರನ್ನು ಮಾತಾಡಿಸಲು ಬೆಂಗಳೂರಿನ ವಿಜಯನಗರದ, ಬಸವೇಶ್ವರನಗರದ ಮನೆಗಳಿಗೆ ಹೋದಾಗ ಎರಡು ಮಾತು ಕಿವಿಗೆ ಬೀಳುತ್ತವೆ. ‘ಜೀವ ಉಳೀತಲ್ಲ, ಅಷ್ಟು ಸಾಕು’ ಎನ್ನುವುದು ಮನೆಯವರು. ‘ಕೈಕಾಲಲ್ಲಿ ಶಕ್ತಿನೇ ಇಲ್ಲ’ ಎನ್ನುವುದು ಮಲಗಿದವರು. ಈ ಎರಡನೆಯ ಮಾತಿಗೆ ನಮ್ಮಲ್ಲಿ ಎಳನೀರು, ರಾಗಿಗಂಜಿ, ಟಾನಿಕ್ಕುಗಳ ಉಪಚಾರವಿದೆ. ಅದಕ್ಕೊಂದು ಅಂಕವೂ ಇದೆಯೆಂದು ಹೇಳುವವರು ಕಡಿಮೆ. 60ಕ್ಕೆ ಇಷ್ಟು ಎಂದು ಕೊಡುವ ಅಂಕ ಅದು. 48ಕ್ಕಿಂತ ಕೆಳಗಿಳಿದರೆ ಐಸಿಯು ವಾಸವೇ ಸ್ನಾಯುಗಳನ್ನು ಸೋಲಿಸಿದೆ ಎಂದು ವೈದ್ಯರು ತಿಳಿಯುತ್ತಾರೆ. ಅಳೆಯಲು ಯಂತ್ರ ಬೇಡ. ಅಳೆಯುವವರ ಎರಡು ಕೈ, ಭೂಮಿಯ ಸೆಳೆತ, ಇಷ್ಟಿದ್ದರೆ ಆಯಿತು.

ಭೂಮಿಯ ಸೆಳೆತವನ್ನೇ ಅಳತೆಗೋಲಾಗಿಸಿಕೊಂಡ ಈ ಉಪಾಯದ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕವರು ಅಮೆರಿಕದ ಬಾಸ್ಟನ್ನಿನ ವಿಲ್ಹೆಲ್ಮೈನ್ ರೈಟ್. ಮೂಳೆತಜ್ಞ ರಾಬರ್ಟ್ ಲೊವೆಟ್ ಅವರ ಸಹಾಯಕಿ. ಪೋಲಿಯೊ ಬಡಿದ ಮಕ್ಕಳ ಯಾವ ಸ್ನಾಯು ಸತ್ತಿದೆ, ಯಾವುದು ಇನ್ನೂ ಮಿಡಿಯುತ್ತಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡುವ ಕೆಲಸ ಅವರದು. ಮಗು ಕಾಲನ್ನು ಮೇಲಕ್ಕೆತ್ತಬಲ್ಲುದೆ? ಎತ್ತಿದರೆ ಭೂಮಿಯ ಸೆಳೆತವನ್ನು ಗೆದ್ದಂತೆ. ಆಗದಿದ್ದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ಮೇಜಿನ ಮೇಲೆ ಜಾರಿಸಲು ಹೇಳಿದರಾಯಿತು. ಆಗ ಭಾರದ ಹಂಗಿಲ್ಲ. ಎತ್ತಿ ಹಿಡಿದ ಕಾಲನ್ನು ಪರೀಕ್ಷಿಸುವವರು ಕೈಯಿಂದ ಒತ್ತಿದಾಗಲೂ ಅದು ಬಗ್ಗದಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲೆ. 1912ರಲ್ಲಿ ರೈಟ್ ಇದನ್ನೆಲ್ಲ ಬಾಸ್ಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಹೆಸರಿನಲ್ಲಿ ಬರೆದರು. ಆದರೂ ವೈದ್ಯಲೋಕದಲ್ಲಿ ಉಳಿದದ್ದು ‘ಲೊವೆಟ್ ಪರೀಕ್ಷೆ’ ಎಂಬ ಹೆಸರು. ಇದು ನನಗೆ ನುಂಗಲಾಗದ ಅನ್ಯಾಯ. ಮಕ್ಕಳ ಕಾಲು ಹಿಡಿದು ಕೂತ ಕೈ ಯಾರದೋ, ಹೆಸರು ಯಾರದೋ.

ಲೊವೆಟ್ ಅವರಿಗೇ ಈ ಕೈಯಳತೆಯಲ್ಲಿ ಪೂರ್ತಿ ನೆಮ್ಮದಿ ಇರಲಿಲ್ಲವೇನೋ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ಮಾರ್ಟಿನ್ ಜೊತೆ ಸೇರಿ, ಸ್ಪ್ರಿಂಗ್ ತಕ್ಕಡಿಯಿಂದ ಸ್ನಾಯುಬಲವನ್ನು ತೂಗುವ ಕ್ರಮವನ್ನು 1915ರಲ್ಲಿ ಪ್ರಕಟಿಸಿದರು. ಕೈಯೋ ತಕ್ಕಡಿಯೋ ಎಂಬ ಆ ತಕರಾರು ಇಂದಿಗೂ ತೀರಿಲ್ಲ. ಮಂಚದ ಪಕ್ಕದಲ್ಲಿ ಮಾತ್ರ ಗೆದ್ದದ್ದು ಕೈಯೇ. 1942ರಲ್ಲಿ, ಯುದ್ಧದಲ್ಲಿ ನರ ಕತ್ತರಿಸಿಹೋದ ಸೈನಿಕರಿಗಾಗಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹೊರತಂದ ಕಿರುಹೊತ್ತಗೆ ಅದೇ ಮೆಟ್ಟಿಲುಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟಿತು. ಏನೂ ಇಲ್ಲದ್ದಕ್ಕೆ 0, ಬರೀ ಮಿಡಿತಕ್ಕೆ 1, ಭಾರವಿಲ್ಲದೆ ಚಲಿಸಿದರೆ 2, ಎತ್ತಿದರೆ 3, ಒತ್ತಿಗೆ ನಿಂತರೆ 4, ಪೂರ್ಣಬಲಕ್ಕೆ 5.

ಮುಂದಿನ ಕೆಲವು ದಶಕಗಳನ್ನು ಬೇಗ ದಾಟಬಹುದು. 1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ರಬ್ಬರ್ ಚೀಲ ಹಿಸುಕಿ ರೋಗಿಗಳಿಗೆ ಉಸಿರು ಕೊಟ್ಟರು. ತೀವ್ರ ನಿಗಾ ಘಟಕ ಹುಟ್ಟಿದ್ದು ಅಲ್ಲಿಂದ. ಘಟಕ ಬಂದ ಮೇಲೆ ಸಾಯಬೇಕಾದವರು ಬದುಕತೊಡಗಿದರು, ಬದುಕಿದವರು ಏಳಲಾರದೆ ಮಲಗಿದರು. ಕೆನಡಾದ ಚಾರ್ಲ್ಸ್ ಬೋಲ್ಟನ್ 1984ರಲ್ಲಿ ಅಂಥ ಐವರ ನರಗಳನ್ನು ಪರೀಕ್ಷಿಸಿ, ತೀವ್ರ ಕಾಯಿಲೆಯೇ ನರವನ್ನು ಕೆಡಿಸುತ್ತದೆ ಎಂದು ತೋರಿಸಿದರು. ರಾಟರ್‌ಡ್ಯಾಮಿನ ವೈದ್ಯರು 1991ರಲ್ಲಿ, ಗಿಯಾನ್–ಬಾರೆ ಎಂಬ ನರರೋಗದವರಿಗೆಂದು, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದ ಎಂಬ ಆರು ಜಾಗಗಳನ್ನು ಎಡಬಲ ಎರಡೂ ಕಡೆ ಅಳೆದು ಕೂಡಿಸಿದರು. ಹನ್ನೆರಡು ಐದಲ ಅರವತ್ತು. 2002ರಲ್ಲಿ ಫ್ರಾನ್ಸಿನ ಡಿ ಜಾಂಗ್ ಮತ್ತು ಸಂಗಡಿಗರು ಅದನ್ನೇ ಐಸಿಯುಗೆ ತಂದರು. ಏಳು ದಿನ ಅಥವಾ ಹೆಚ್ಚು ವೆಂಟಿಲೇಟರಿನಲ್ಲಿದ್ದು ಎಚ್ಚರಗೊಂಡ 95 ಮಂದಿಯಲ್ಲಿ 24 ಜನ 48ರ ಕೆಳಗಿದ್ದರು.

ಅಳೆಯುವ ಮೊದಲು ರೋಗಿಗೆ ಐದು ಅಪ್ಪಣೆ: ಕಣ್ಣು ತೆರೆದು ಮುಚ್ಚಿ, ನನ್ನನ್ನು ನೋಡಿ, ನಾಲಿಗೆ ಚಾಚಿ, ತಲೆ ಆಡಿಸಿ, ಐದು ಎಣಿಸಿದ ಮೇಲೆ ಹುಬ್ಬು ಏರಿಸಿ. ಮಂಪರಿನಲ್ಲಿರುವವರಿಗೆ ಈ ಪರೀಕ್ಷೆ ಆಗದು. ಇನ್ನೊಂದು ಕೊರತೆ ನಾಲ್ಕನೆಯ ಮೆಟ್ಟಿಲಿನದು. ಅದು ಬಲು ಅಗಲ, ಬೆರಳಿನ ಒತ್ತಿಗೆ ನಿಂತವರೂ ಅಂಗೈಯ ಒತ್ತಿಗೆ ನಿಂತವರೂ ಅಲ್ಲೇ. ಅದಕ್ಕೇ ತಕ್ಕಡಿ ಮತ್ತೆ ಬಂದಿದೆ, ಮುಷ್ಟಿಬಲ ಅಳೆಯುವ ಮಾಪಕದ ರೂಪದಲ್ಲಿ. ಗಂಡಸರಿಗೆ 11 ಕಿಲೊ, ಹೆಂಗಸರಿಗೆ 7 ಕಿಲೊಗಿಂತ ಕಡಿಮೆಯಾದರೆ ಎಚ್ಚರಿಕೆ ಎಂದು 2008ರ ಒಂದು ಅಧ್ಯಯನ ಗೆರೆ ಎಳೆಯಿತು.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಈ ಕೈಯಳತೆ ದೂರದ ಸಂಗತಿಯಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಪುನರ್ವಸತಿ ನಡೆದಿದೆ. ಕುಷ್ಠರೋಗದ ಆರೈಕೆಯಲ್ಲಿ ಕಿರುಬೆರಳು, ಹೆಬ್ಬೆರಳು, ಪಾದಗಳನ್ನು ಹೀಗೆಯೇ ಒತ್ತಿ ನೋಡುತ್ತಾರೆ. ಹಿಂದಿನ ಸಲ ಗಟ್ಟಿಯಿದ್ದ ಬೆರಳು ಈ ಸಲ ಸೋತಿದ್ದರೆ ಸ್ಟಿರಾಯ್ಡ್ ಶುರುವಾಗುತ್ತದೆ, ನರ ಉಳಿಯಬಹುದು. ಹಿಂದಿನ ಸಲದ್ದನ್ನು ಬರೆದಿಟ್ಟಿದ್ದರಿಂದ ಮಾತ್ರ ಇದು ಸಾಧ್ಯ.

2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಇದೇ ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು. ಸತ್ತವರ ಲೆಕ್ಕವನ್ನು ದಿನಾ ಓದಿದೆವು. ಐಸಿಯುಗಳಿಂದ ಜೀವಂತ ಹೊರಬಂದವರಲ್ಲಿ ಯಾರ ತೋಳು ಎಷ್ಟಕ್ಕೆ ಇಳಿದಿತ್ತು ಎಂದು ಯಾರೂ ಓದಿಹೇಳಲಿಲ್ಲ. ಆಮೇಲೆ ನಾನು ನೋಡಿದ ಡಿಸ್ಚಾರ್ಜ್ ಸಮರಿಗಳಲ್ಲಿ ಕ್ರಿಯಾಟಿನಿನ್ ಇತ್ತು, ಆಮ್ಲಜನಕದ ಪ್ರಮಾಣವಿತ್ತು, ಸ್ನಾಯುಬಲದ ಸಾಲು ಇರಲಿಲ್ಲ. ಐಸಿಯುವಿನ ಮೊದಲ ಹತ್ತು ದಿನಗಳಲ್ಲೇ ತೊಡೆಯ ಮುಂಭಾಗದ ಸ್ನಾಯು ಸುಮಾರು ಶೇ 18ರಷ್ಟು ಕರಗುತ್ತದೆಂದು ಲಂಡನ್ನಿನಲ್ಲಿ 2013ರಲ್ಲೇ ಅಳೆದು ತೋರಿಸಿದ್ದಾರೆ. ಮಹಡಿ ಮನೆಯ ಕಡಿದಾದ ಮೆಟ್ಟಿಲು, ಬಿಎಂಟಿಸಿ ಬಸ್ಸಿನ ಪಾವಟಿಗೆ, ಕುಕ್ಕರಗಾಲಲ್ಲಿ ಕೂರುವ ಶೌಚ, ಎಲ್ಲಕ್ಕೂ ಬೇಕಾದದ್ದು ಅದೇ ಸ್ನಾಯು.

ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವ ವಿಮಾದಾರ ಕಾರ್ಮಿಕರಿಗೆ ಕಾಯಿಲೆ ರಜೆಯಲ್ಲಿ ಸಂಬಳದ ಶೇ 70ರಷ್ಟು ಸಿಗುವುದು ವರ್ಷಕ್ಕೆ ಸಾಮಾನ್ಯವಾಗಿ 91 ದಿನ. ಸೋತ ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಮುಖ ಕಳೆಕಳೆಯಾಗಿರುವ ಲೇತ್ ಕೆಲಸಗಾರನ ‘ಶಕ್ತಿನೇ ಇಲ್ಲ’ ಎಂಬ ಮಾತನ್ನು ಸೋಮಾರಿತನ ಅಂದುಬಿಡುವುದು ಸುಲಭ. ಮನೆಗೆ ಕಳಿಸುವ ದಿನ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಫಿಸಿಯೋಥೆರಪಿಸ್ಟ್ ಹನ್ನೆರಡು ಕಡೆ ಒತ್ತಿ ನೋಡಿ ಬರೆದುಕೊಟ್ಟರೆ, ರಜೆ ಮುಗಿದ ದಿನ ವೈದ್ಯರ ಮುಂದೆ ಇಡಲು ಅವನ ಕೈಯಲ್ಲಿ ಆ ಮೂರು ಅಂಕಗಳಾದರೂ ಇರುತ್ತವೆ.