ತಾಯಿಯ ಪಾಲು, ತಂದೆಯ ಪಾಲು

ಜನ ಸಕ್ಕರೆ ಕಾಯಿಲೆಯೆಂದು ಕರೆಯುವ ಎರಡನೆಯ ಬಗೆಯ ಮಧುಮೇಹವು ವಂಶಪಾರಂಪರ್ಯವಾಗಿ ಬರತಕ್ಕದ್ದೆಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದರಿಂದ, ಹೆತ್ತವರಲ್ಲೊಬ್ಬರಿಗೆ ಅದು ಇದ್ದಿತೆಂದರೆ ಮಕ್ಕಳು ತಮಗೂ ತಪ್ಪಿದ್ದಲ್ಲವೆಂದು ಕೈಚೆಲ್ಲಿ ಕುಳಿತುಬಿಡುವುದುಂಟು. ನಂಬಿಕೆ ಪೊಳ್ಳೆನ್ನುವಂತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಕುಟುಂಬಗಳನ್ನು ಎರಡು ತಲೆಮಾರು ಪರೀಕ್ಷಿಸಿದ ವೈದ್ಯರು 2000ದಲ್ಲಿ ಪ್ರಕಟಿಸಿದ ಗಣನೆಯಂತೆ, ಹೆತ್ತವರಲ್ಲಿ ಒಬ್ಬರು ಮಧುಮೇಹಿಯಾಗಿದ್ದರೆ ಮಕ್ಕಳ ಸಂಭವಾನುಪಾತ ಸುಮಾರು 3.5 ಪಟ್ಟು, ಇಬ್ಬರೂ ಆಗಿದ್ದರೆ 6 ಪಟ್ಟು. ತಾಯಿಯ ಪಾಲಿಗೂ ತಂದೆಯ ಪಾಲಿಗೂ ಅಂತರವಿಲ್ಲವೆಂದೇ ಹೇಳಬೇಕು. ಆದರೆ 50 ವರ್ಷದೊಳಗೇ ರೋಗ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಅದು ಇನ್ನೂ ಬಹಳ ಹೆಚ್ಚಾಗಿದ್ದಿತು.

ಈ ಅಪವಾದದ ಮರ್ಮವನ್ನರಿಯಲು ಅರಿಜೋನಾದ ಹಿಲಾ ನದೀತೀರದ ಪೀಮಾ ಜನರ ಕಡೆಗೆ ತಿರುಗಬೇಕು. ಮಧುಮೇಹದಿಂದ ಅತಿಯಾಗಿ ಪೀಡಿತರಾದ ಇವರನ್ನು 1965ರಿಂದ ದಶಕಗಳ ಕಾಲ ನಿಯಮದಿಂದ ಪರೀಕ್ಷಿಸುತ್ತ ಬಂದುದರಿಂದ, ಯಾವ ತಾಯಿಗೆ ಯಾವಾಗ ರೋಗ ತಗುಲಿತೆಂಬುದು ದಾಖಲೆಯಲ್ಲಿದ್ದು, ಒಂದೇ ತಾಯಿಯ ಮಕ್ಕಳಲ್ಲಿ ಆಕೆಯ ರೋಗಕ್ಕೆ ಮುನ್ನ ಹುಟ್ಟಿದವರನ್ನೂ ಅನಂತರ ಹುಟ್ಟಿದವರನ್ನೂ ಹೋಲಿಸುವುದು ಸಾಧ್ಯವಾಯಿತು. ಒಡಹುಟ್ಟಿದವರಾದ ಕಾರಣ ಆನುವಂಶಿಕ ಸಂಪತ್ತು ಸರಾಸರಿಯಲ್ಲಿ ಸಮಾನ. ಆದಾಗ್ಯೂ ಅನಂತರ ಹುಟ್ಟಿದವರಲ್ಲಿ ಸಂಭವಾನುಪಾತ 3 ಪಟ್ಟನ್ನೂ ಮೀರಿತ್ತು. ತಂದೆಯ ರೋಗಕ್ಕೆ ಹಿಂದುಮುಂದೆ ಹುಟ್ಟಿದವರಲ್ಲಿ ಇಂಥ ಭೇದವೇ ಕಾಣಲಿಲ್ಲ. ತಾಯಿಯ ರಕ್ತದ ಗ್ಲೂಕೋಸು ಜರಾಯುವನ್ನು ದಾಟಿ ಭ್ರೂಣವನ್ನು ಸೇರಬಲ್ಲುದು, ಆಕೆಯ ಇನ್ಸುಲಿನ್ ದಾಟಲಾರದು. ಆದಕಾರಣ ಶಿಶುವಿನ ಮೇದೋಜೀರಕಾಂಗವು ಗರ್ಭದಲ್ಲಿಯೇ ಮಿತಿಮೀರಿ ದುಡಿಯಬೇಕಾಗುತ್ತದೆ. ತಾಯಿಗೆ ಕಾಯಿಲೆ ಇತ್ತೇ ಎಂದಷ್ಟೇ ವಿಚಾರಿಸುವ ವೈದ್ಯರು, ನೀವು ಹುಟ್ಟುವ ಮೊದಲೇ ಇತ್ತೇ ಎಂದೂ ಕೇಳುವುದು ಲೇಸೆಂದು ನನಗೆ ತೋರುತ್ತದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಎಂದರೆ ಊರವರ ಮಿಷನ್ ಆಸ್ಪತ್ರೆಯಲ್ಲಿ, 1997ರಿಂದೀಚೆಗೆ ಗರ್ಭಿಣಿಯರ ಸಕ್ಕರೆಯನ್ನಳೆದು ಅವರ ಮಕ್ಕಳನ್ನು ಬೆಳೆದಂತೆಲ್ಲ ಪರೀಕ್ಷಿಸಿದವರೂ ಇಂಥದನ್ನೇ ಕಂಡರು: ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಹತ್ತು ವರ್ಷ ತುಂಬುವುದರೊಳಗೇ ಕೊಬ್ಬು ಹೆಚ್ಚು, ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚು.

ವಂಶವಾಹಿಗಳ ಪಾತ್ರವೂ ಉಂಟು. 2006ರಲ್ಲಿ ಐಸ್‌ಲೆಂಡಿನ ಸಂಶೋಧಕರು ಗುರುತಿಸಿದ ಟಿಸಿಎಫ್7ಎಲ್2 ಎಂಬುದು ಅವುಗಳಲ್ಲಿ ಪ್ರಬಲವಾದುದು. ಆದರೆ ಆಗ ತಿಳಿದಿದ್ದ ಅಪಾಯಕಾರಿ ವಂಶವಾಹಿಗಳನ್ನೆಲ್ಲ ಕೂಡಿಸಿ ನೋಡಿದರೂ ಮನೆತನದ ಅಪಾಯದಲ್ಲಿ ಅತ್ಯಲ್ಪ ಭಾಗಕ್ಕಷ್ಟೇ ಅವು ಕಾರಣವೆಂದು 2013ರ ಯೂರೋಪಿನ ಅಧ್ಯಯನವೊಂದು ತೋರಿಸಿತು.

2005ರಲ್ಲಿ ಚೆನ್ನೈಯ ಡಾ. ವಿ. ಮೋಹನ್ ಮತ್ತು ಸಂಗಡಿಗರು ಭಾರತೀಯರಿಗಾಗಿ ಸಿದ್ಧಪಡಿಸಿದ 100 ಅಂಕಗಳ ಅಪಾಯಪಟ್ಟಿಯಲ್ಲಿ ಹೆತ್ತವರಲ್ಲೊಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20 ಅಂಕ. ವಯಸ್ಸಿಗೆ ಹೆಚ್ಚೆಂದರೆ 30. ಉಳಿದ 50 ಅಂಕಗಳು ಸೊಂಟದ ಸುತ್ತಳತೆಗೂ ಮೈ ಬಗ್ಗಿಸದೆ ಕೂರುವ ಅಭ್ಯಾಸಕ್ಕೂ ಸಲ್ಲುತ್ತವೆ.